ಒಬ್ಬನನ್ನೇ ನೋಡುವ ಖಾತೆ

ಫೋಟೋ ಇಲ್ಲ, ಹೆಸರಿಲ್ಲ, ಯಾರಿಗೂ ಒಂದು ಲೈಕ್ ಒತ್ತಿದ್ದಿಲ್ಲ. ಹಿಂಬಾಲಿಸುವುದು ಒಬ್ಬನನ್ನೇ, ಆದರೆ ಅವನು ಹಾಕಿದ್ದನ್ನು ಒಂದೂ ಬಿಡದೆ ನೋಡುವುದು. ಇಂಥ ಖಾತೆಗಳು ಮನುಷ್ಯರವಲ್ಲ, ಯಂತ್ರ ನಡೆಸುವ ‘ಬಾಟ್’ಗಳು ಎಂದು ತೀರ್ಮಾನಿಸುವ ನಿಯಮವನ್ನು ಬರೆದವಳು ಯಮುನಾಳೇ. ಸಾವಿರಾರು ಹುಡುಗ ಹುಡುಗಿಯರು ಒಪ್ಪಿ ಕೊಟ್ಟ ಇನ್‌ಸ್ಟಾ ಮಾಹಿತಿಯನ್ನು ರಾಶಿ ಹಾಕಿಕೊಂಡು, ಈಗಿನ ಹರೆಯದವರು ಯಾವಾಗ ನಗುತ್ತಾರೆ, ಯಾವಾಗ ಮುನಿಯುತ್ತಾರೆ ಎಂದು ಕಂಪ್ಯೂಟರಿನಿಂದ ಹೇಳಿಸುವುದು ವೈಟ್‌ಫೀಲ್ಡಿನ ಅವಳ ಕಂಪನಿಯ ಕಸುಬು. ಪಕ್ಕದ ಕುರ್ಚಿಯವನು ಯಾಕೆ ಮುನಿದಿದ್ದಾನೆಂದು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಮಾಹಿತಿ ಕೊಟ್ಟವರಿಗೆಲ್ಲ ಸೋಮವಾರ ಅವರವರ ವರದಿ ಹೋಗಬೇಕಿತ್ತು. ಅದರಲ್ಲಿ ಅನುಮಾನದ ಖಾತೆಗಳು, ಒಂದೊಂದರ ಎದುರಿಗೂ ‘ಕಿತ್ತುಹಾಕಿ’ ಎಂಬ ಕೆಂಪು ಗುಂಡಿ.

ಶುಕ್ರವಾರ ಟೀಮ್ ಲೀಡ್ ಶಿವಶಂಕರ್ ಅವಳನ್ನು ಕರೆದ. ಅವನ ಮುಖದಲ್ಲಿ ಪತ್ತೇದಾರನ ಕಳೆಯಿತ್ತು.

“ಈ ಹುಡುಗನ್ನ ನೋಡಿ. ಮೊದ್ಲು ಫುಲ್ ಇಂಗ್ಲಿಷು, ಅರ್ಧರಾತ್ರಿ ಪೋಸ್ಟು. ಈ ಬಾಟ್ ಹಿಂದೆ ಬಿದ್ದ ವಾರದಿಂದ ಎಲ್ಲ ಕನ್ನಡ. ಅಕ್ಷರ ಇಷ್ಟಿಷ್ಟು ದಪ್ಪ. ರಾತ್ರಿ ಒಂಬತ್ತರ ಮೇಲೆ ಏನೂ ಹಾಕಲ್ಲ. ದಿನಾ ಊಟದ ಡಬ್ಬಿ ಫೋಟೋ ಬೇರೆ. ಯಾವುದೋ ಸಂಘಟನೆಯವರು ಬ್ರೈನ್‌ವಾಶ್ ಮಾಡ್ತಿದಾರೆ.”

“ಊಟದ ಡಬ್ಬಿಗೆ ಯಾವ ಸಂಘಟನೆ ಸಾರ್?”

“ಅದೇ ಕಣ್ರೀ ಕಂಡುಹಿಡೀಬೇಕಾಗಿರೋದು!”

ಯಮುನಾ ಫೋಟೋ ನೋಡಿದಳು. ಮಾಹಿತಿಯಿಂದ ಹುಡುಗನ ಹೆಸರನ್ನು ಅಳಿಸಿದ್ದರು. ಡಬ್ಬಿಯ ಮೇಲಿದ್ದದ್ದನ್ನು ಯಾರೂ ಅಳಿಸಿರಲಿಲ್ಲ. ಸ್ಟೀಲಿನ ಮುಚ್ಚಳದಲ್ಲಿ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ: ದಾಸರಹಳ್ಳಿ ಪಾಪಯ್ಯ. ಪಾಪಯ್ಯ ಅವಳ ಅಜ್ಜ. ಆ ಡಬ್ಬಿ ಹೊತ್ತುಕೊಂಡು ಹೋಗುವವನು ಅವಳ ತಮ್ಮ ದೀಪು.

ದೀಪು ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಕೈಮುಗಿದು, ಮನೆಯಲ್ಲಿ ಉಸಿರೆತ್ತದೆ, ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮೆಷಿನ್ ಮುಂದೆ ನಿಂತುಬಿಟ್ಟಿದ್ದ. ವಿಷಯ ತಿಳಿದ ದಿನ ಮನೆಯಲ್ಲಿ ನೆಂಟರಿದ್ದರು. ತಾಯಿ ಭಾಗ್ಯಮ್ಮ ಅವರೆದುರಿಗೇ, “ನಂಗೆ ಇರೋದು ಒಬ್ಳೇ ಮಗಳು” ಅಂದರು. ಆ ಸಂಜೆಯೇ ಅವನು ಗಂಟುಮೂಟೆ ಕಟ್ಟಿದ. ಹೋದದ್ದೆಲ್ಲಿಗೆ? ಅದೇ ಕಟ್ಟಡದ ಮೂರನೇ ಮಹಡಿಗೆ, ಬಾಡಿಗೆಗೆ ಖಾಲಿಯಿದ್ದ ರೂಮಿಗೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಡಬ್ಬಿ ಇರುತ್ತಿತ್ತು, ಸಂಜೆ ತೊಳೆದ ಡಬ್ಬಿ ಅಲ್ಲೇ ಮರಳುತ್ತಿತ್ತು. ತಾಯಿ ಮಗನ ನಡುವೆ ಮಾತು ಮಾತ್ರ ಇಲ್ಲ.

ಮನೆಗೆ ಬಂದವಳೇ ಯಮುನಾ ಕಚೇರಿಯ ಗುಟ್ಟನ್ನು ಅಡುಗೆಮನೆಯಲ್ಲಿ ಬಿಚ್ಚಿದಳು. “ಅಮ್ಮ, ದೀಪು ಏನು ಹಾಕಿದ್ರೂ ಯಾವನೋ ಒಬ್ಬ ನೋಡ್ತಾ ಕೂತಿರ್ತಾನೆ. ಸೋಮವಾರ ದೀಪುಗೆ ಹೇಳ್ತೀವಿ, ಅವ್ನನ್ನ ಕಿತ್ತುಹಾಕ್ತಾನೆ.”

ಭಾಗ್ಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. “ಅಂಗೆ ಕಿತ್ತಾಕಿದ್ರೆ... ಆಮೇಕೆ ಕಾಣಾಕಿಲ್ವಾ?”

“ಯಾರಿಗೆ?”

ಭಾಗ್ಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಫೋನನ್ನು ಮೆಲ್ಲಗೆ ಅಕ್ಕಿ ಡಬ್ಬದ ಹಿಂದೆ ಸರಿಸಿದರು.

“ಅಮ್ಮಾ!”

“ಬಾಡಿಗೆಮನೆ ಭುವನೇಶ್ವರಿ ಹಾಕ್ಕೊಟ್ಲು. ನಾನೇನು ಕದ್ದು ನೋಡ್ತೀನಾ? ಅವ್ನು ಊರಿಗೆಲ್ಲ ತೋರಿಸ್ತಾನೆ, ಊರಲ್ಲಿ ನಾನೂ ಒಬ್ಳು. ಎಲ್ಲಿ ಆ ಲೈಕಿನ ಕೆಂಪು ಆರ್ಟು ಒತ್ಬಿಡ್ತೀನೋ ಅಂತ ಬೆರಳು ಅಂಚಲ್ಲೇ ಇಟ್ಕೊಂಡು ನೋಡ್ತೀನಿ.” ಧ್ವನಿ ತಗ್ಗಿತು. “ಅವ್ನಿಗೆ ಏಳ್ಬೇಡ ಕಣೇ. ನಂಗೆ ಅವ್ನ ಮುಖ ಕಾಣೋದು ಅದ್ರಲ್ಲೊಂದೇ.”

ನಿಯಮ ಸಡಿಲಿಸಿ ಎಂದು ಯಮುನಾ ಆಗಲೇ ಶಿವಶಂಕರ್‌ಗೆ ಫೋನ್ ಮಾಡಿದಳು. ಆ ಖಾತೆಗಳು ತಾಯಂದಿರವೂ ಇರಬಹುದು ಅಂದಳು. “ತಾಯಂದಿರಾದ್ರೆ ಕಾಮೆಂಟ್ ಮಾಡ್ದೆ ಇರ್ತಾರೇನ್ರೀ?” ಎಂದು ಅವನು ನಕ್ಕ. ಅವನ ತಾಯಿಯ ವಿಷಯದಲ್ಲಿ ಅದು ನಿಜವೇ ಇದ್ದೀತು.

ಭಾನುವಾರ ಸಂಜೆ ಅವಳು ಮೂರನೇ ಮಹಡಿ ಹತ್ತಿದಳು. ದೀಪು ಕೆಲಸದ ಪ್ಯಾಂಟಿನ ಎಣ್ಣೆ ಕಲೆ ಉಜ್ಜುತ್ತಿದ್ದ.

“ನಾಳೆ ನಮ್ಮ ರಿಪೋರ್ಟ್ ಬರುತ್ತೆ ಕಣೋ. ಹೆಸರಿಲ್ಲದ ಒಂದು ಐಡಿ ತೆಗೆದುಹಾಕು ಅನ್ನುತ್ತೆ. ತೆಗೀಬೇಡ. ಯಾಕೆ ಅಂತ ಕೇಳ್ಬೇಡ.”

“ಅಮ್ಮನ ಐಡಿನಾ?”

ಯಮುನಾ ಹಾಸಿಗೆಯ ಅಂಚಿಗೆ ಕುಳಿತಳು. “ನಿಂಗೆ ಗೊತ್ತಾ?”

“ಗೋಬಿ ತಿಂದಿದ್ದು ಹಾಕ್ತೀನಿ, ಮಾರನೇ ದಿನ ಡಬ್ಬೀಲಿ ಮೆಣಸಿನ ಸಾರು. ತಲೆನೋವು ಅಂತ ಹಾಕ್ತೀನಿ, ಡಬ್ಬಿ ಪಕ್ಕದಲ್ಲಿ ಅಮೃತಾಂಜನ. ಯಾವ ಬಾಟ್ ಕೊಡುತ್ತಕ್ಕ ಇದನ್ನೆಲ್ಲ?”

“ಅದಕ್ಕೇ ಕನ್ನಡ? ಅದಕ್ಕೇ ದಪ್ಪಕ್ಷರ?”

“ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕ್ತಾಳಲ್ಲ.” ದೀಪು ಪ್ಯಾಂಟನ್ನು ಇನ್ನೂ ಜೋರಾಗಿ ಉಜ್ಜಿದ. “ಒಂಬತ್ತಕ್ಕೆ ಮಲಗ್ತಾಳೆ ಬೇರೆ.”

“ಇಳಿದು ಬಂದು ಮಾತಾಡೋ, ಕತ್ತೆ.”

“ಮಗ ಇಲ್ಲ ಅಂದೋಳು ಅವ್ಳು. ಅವ್ಳೇ ಕರೀಲಿ.” ಪ್ಯಾಂಟನ್ನು ಮಗುಚಿ ಹಾಕಿ, ಬೇರೆ ಕಡೆ ನೋಡುತ್ತ ಕೇಳಿದ: “ನೋಡ್ಬಿಟ್ಟು ಏನಂತಾಳೆ?”

“ತೆಳ್ಳಗಾಗಿದ್ದಾನೆ ಅಂತಾಳೆ.”

ಅವನು ಕೈ ಒರೆಸಿಕೊಂಡು ಫೋನನ್ನು ಅಕ್ಕನ ಕೈಗಿತ್ತ. “ಒಂದು ಫೋಟೋ ತೆಗಿ. ಕೆಳಗಿಂದ ತೆಗಿ, ದಪ್ಪ ಕಾಣ್ಲಿ.” ಸಾಲದೆಂದು ಕೆನ್ನೆಯನ್ನೂ ಒಂದಿಷ್ಟು ಉಬ್ಬಿಸಿದ. ‘ಭಾನುವಾರ, ಆರಾಮ’ ಎಂದು ದಪ್ಪಕ್ಷರದಲ್ಲಿ ಬರೆದು ಹಾಕಿದ.

ಅವನು ಪ್ಯಾಂಟನ್ನು ಹಿಂಡಿ ತಂತಿಗೆ ಹಾಕುವಷ್ಟರಲ್ಲಿ ಮೆಟ್ಟಿಲಲ್ಲಿ ಸಪ್ಪಳ. ಮಂಡಿನೋವಿನ ಕಾಲು, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ಎಳೆದುಕೊಂಡು ಮೇಲೇರುತ್ತಿತ್ತು. ಬಾಗಿಲಲ್ಲಿ ಭಾಗ್ಯಮ್ಮ ಕಾಣಿಸಿಕೊಂಡರು. ನೆಟ್ಟಗೆ ಮಗನ ಬಳಿಗೆ ಬಂದು ಎರಡೂ ಕೆನ್ನೆ ಒತ್ತಿ ನೋಡಿದರು.

“ಮುಖ ಯಾಕೋ ಇಂಗೆ ಊದ್ಕೊಂಡೈತೆ? ಅಲ್ಲುನೋವಾ? ಜ್ವರಾನಾ?”

“ಎಲ್ಲಮ್ಮ ಊದಿದೆ?”

“ಫೋಟೋದಾಗೆ...” ಅಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಮುಖ ಕೆಂಪಾಯಿತು. “ಇವ್ಳು ತೋರಿಸಿದ್ಲು.”

ಅರ್ಧ ಗಂಟೆಯಿಂದ ಅದೇ ಹಾಸಿಗೆಯ ಮೇಲೆ ಕುಳಿತಿದ್ದ ಯಮುನಾ, ಹೌದೆಂದು ತಲೆಯಾಡಿಸಿದಳು.

“ಊತ ಏನಿಲ್ಲಮ್ಮ, ಚೆನ್ನಾಗಿದ್ದೀನಿ,” ಎಂದು ದೀಪು ರೂಮಿನಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ತಾಯಿಯ ಕಡೆ ಎಳೆದ. ಭಾಗ್ಯಮ್ಮ ಕೂತರು, ಅವರ ಒಂದು ಕೈ ಇನ್ನೂ ಅವನ ಕೆನ್ನೆಯ ಮೇಲೇ ಇತ್ತು.