ಗಂಧ ಮುಚ್ಚಿದ ಅಂಕಿಗಳು

ನಾನು ಒಂದು ಹಾರ್ಡ್ ಡಿಸ್ಕ್. ಕಡಲಾಚೆಯ ಕಾರ್ಖಾನೆಯಲ್ಲಿ, ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ ಹುಟ್ಟಿದೆ. ನಿರ್ಮಿಸಿದವರು ನನ್ನ ನೆತ್ತಿಗೆ ಚೀಟಿಯೊಂದನ್ನು ಅಂಟಿಸಿ, ನನ್ನ ಹೆಸರನ್ನೂ ಅಳತೆಯ ಮೂರು ಅಂಕಿಗಳನ್ನೂ ಅದರಲ್ಲಿ ಅಚ್ಚೊತ್ತಿದರು. ಆ ಅಂಕಿಗಳನ್ನು ತಿಳಿಸದಿದ್ದರೆ ಕಂಪ್ಯೂಟರು ನನ್ನನ್ನು ಗುರುತಿಸಲಾರದು.

ಹುಬ್ಬಳ್ಳಿಯ ಹತ್ತಿ ವರ್ತಕರೊಬ್ಬರ ಕಚೇರಿಯಲ್ಲಿ ಐದು ವರ್ಷ ದುಡಿದೆ. ಅವರು ಹೊಸ ಯಂತ್ರ ಕೊಂಡಾಗ, ನಾನಿದ್ದ ಕಂಪ್ಯೂಟರನ್ನು ಧಾರವಾಡದ ಶೇಷಗಿರಿ ಆಚಾರ್ಯರಿಗೆ ದಾನವಾಗಿ ಕೊಟ್ಟರು.

ಆಚಾರ್ಯರ ಮುತ್ತಜ್ಜ ರಚಿಸಿದ ವೇದಾಂತ ಟೀಕೆಯೊಂದು ತಾಳೆಗರಿಗಳಲ್ಲಿ ಉಳಿದಿತ್ತು. ಹುಳು ತಿಂದ ಆ ಗರಿಗಳನ್ನು ಭೂತಗನ್ನಡಿ ಹಿಡಿದು ಅವರು ಓದುತ್ತಿದ್ದರು. ಪತ್ನಿ ಇಂದಿರಾಬಾಯಿ ಕೀಲಿಮಣೆಯಲ್ಲಿ ಒತ್ತುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ಇನ್ನೂರ ಹನ್ನೆರಡು ಗರಿಗಳು ನನ್ನೊಳಗೆ ಇಳಿದವು. ಮುಟ್ಟಿದರೆ ಪುಡಿಯಾಗುತ್ತಿದ್ದ ಮೂಲವನ್ನು ಆಚಾರ್ಯರು ವಿಧಿವತ್ತಾಗಿ ತುಂಗಭದ್ರೆಗೆ ಅರ್ಪಿಸಿದರು.

ಅಂದಿನಿಂದ ಆ ಮನೆಗೆ ನಾನೇ ಗ್ರಂಥ. ಪ್ರತಿ ಸರಸ್ವತೀ ಪೂಜೆಗೆ ನನ್ನನ್ನು ಕಂಪ್ಯೂಟರಿನ ಪೆಟ್ಟಿಗೆಯಿಂದ ಬಿಚ್ಚಿ ಪುಸ್ತಕಗಳ ಮೇಲಿಟ್ಟು, ನೆತ್ತಿಗೆ ಗಂಧ ಹಚ್ಚುತ್ತಿದ್ದರು. ಮರುದಿನ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಆ ತಂಪಿಗೆ ನಾನು ಸುಖಿಸಿದೆ.

ಒಂದು ಬೆಳಿಗ್ಗೆ, ನನ್ನ ಅಂಕಿಗಳ ನೆನಪನ್ನು ಕಾಯುತ್ತಿದ್ದ ಪುಟ್ಟ ಬ್ಯಾಟರಿ ಸತ್ತು, ಕಂಪ್ಯೂಟರು ನನ್ನ ಅಳತೆಯನ್ನು ಮರೆಯಿತು. ನಾನು ಎಂದಿನಂತೆ ತಿರುಗುತ್ತಲೇ ಇದ್ದೆ; ಪರದೆ ಮಾತ್ರ ಡಿಸ್ಕ್ ಇಲ್ಲವೆಂದಿತು.

ರಿಪೇರಿಯ ಮೌಲಾಲಿ ಬಂದು ಬ್ಯಾಟರಿ ಬದಲಿಸಿದ. ಕಿವಿಗೊಟ್ಟು ನನ್ನ ಸದ್ದು ಆಲಿಸಿದ. ಡಿಸ್ಕ್ ಚೆನ್ನಾಗಿಯೇ ಇದೆ, ಚೀಟಿ ನೋಡಿ ಮೂರು ನಂಬರ್ ಕೊಟ್ಟರಾಯಿತು ಎಂದು ಧೈರ್ಯ ಹೇಳಿ ನನ್ನನ್ನು ಹೊರಗೆ ತೆಗೆದ. ವರ್ಷವರ್ಷವೂ ಗಂಧ ಹಚ್ಚಿ ಒರೆಸಿದ್ದಕ್ಕೆ ಅಚ್ಚು ಅಳಿಸಿ, ಚೀಟಿ ಹಳದಿಗಟ್ಟಿ ಬೋಳಾಗಿತ್ತು.

“ದೇವರಿಗೂ ಇಷ್ಟ್ ಗಂಧ ಹಚ್ಚಿರ್ಲಿಕ್ಕಿಲ್ಲ ಬಿಡ್ರಿ ನೀವು, ಆಚಾರ್ಯರ.”

ಆ ಗಂಧ ತೇಯ್ದವಳು ತಾನೇ ಎಂದು ಇಂದಿರಾಬಾಯಿ ತಲೆ ತಗ್ಗಿಸಿದರು.

ಈಗಿನ ಯಂತ್ರಗಳಿಗೆ ನನ್ನನ್ನು ಜೋಡಿಸಲು ಬಾರದು. ಹೀಗಾಗಿ ಮೌಲಾಲಿ ಮೂರು ದಿನ ಕುಳಿತು ಅಂಕಿಗಳನ್ನು ಊಹಿಸಿದ. ಒಮ್ಮೆ ಒಂಬೈನೂರ ಎಪ್ಪತ್ತೇಳು, ಐದು, ಹದಿನೇಳು ಎಂದು ಒತ್ತಿದ. ಕೊನೆಯ ಎರಡೂ ಸರಿ. ಮೊದಲನೆಯದು ಒಂಬೈನೂರ ಎಂಬತ್ತೊಂದು. ನಾಲ್ಕೇ ಹೆಜ್ಜೆ ಮುಂದೆ ನಾನಿದ್ದೆ, ಕರೆಯಲು ಬಾಯಿರಲಿಲ್ಲ. ಅವನು ಬೇರೆ ಅಂಕಿಗಳತ್ತ ಹೊರಳಿದ.

“ಇನ್ನ ಮುಂದ ಅಂಜಿಕಿ ಬರ್ತದ್ರಿ. ತಪ್ಪು ಅಳತಿ ಹಿಡ್ದು ಕಂಪ್ಯೂಟರ್ ಡಿಸ್ಕಿನ ಮ್ಯಾಲೆ ಏನರೆ ಬರದ್ರ, ಇದ್ದದ್ದೂ ಹೋಗ್ತದ.”

“ಬ್ಯಾಡಪಾ, ಬಿಡು,” ಎಂದರು ಆಚಾರ್ಯರು. ಬೋಳು ಚೀಟಿಯನ್ನು ಬಹಳ ಹೊತ್ತು ನೋಡಿದರು. “ಅಲ್ಲೆ ಅಕ್ಷರ ಇದ್ದದ್ದು ಕಂಡಿತ್ತು. ಅದನ್ನ ಓದಬೇಕಾಗ್ತದ ಅಂತ ಹೊಳೀಲಿಲ್ಲ.”

ಈಗ ಪಟ್ಟೆವಸ್ತ್ರ ಸುತ್ತಿಕೊಂಡು ಪುಸ್ತಕಗಳ ನಡುವೆ ಇದ್ದೇನೆ. ಪ್ರಾತಃಕಾಲದಲ್ಲಿ ಆಚಾರ್ಯರು ಟೀಕೆಯನ್ನು ನೆನಪಿನಿಂದ ಹೇಳತೊಡಗುತ್ತಾರೆ. ಹನ್ನೊಂದನೆಯ ಗರಿಯ ನಡುವೆ ನಿಲ್ಲುತ್ತಾರೆ. ಮುಂದಿನ ವಾಕ್ಯ ನನ್ನಲ್ಲಿದೆ. ಅವರು ಕಾಯುತ್ತಾರೆ, ನಾನೂ ಕಾಯುತ್ತೇನೆ. ಧರಿಸಿದ್ದನ್ನು ನುಡಿಯಲಾಗದವನಿಗೆ ಧಾರಣೆಯೇ ದಂಡನೆಯೆಂದು ಆಗ ಅನಿಸುತ್ತದೆ.

ಈ ವರ್ಷವೂ ಪೂಜೆಗೆ ನನ್ನನ್ನು ಇಳಿಸಿದರು. ಗಂಧ ಅದ್ದಿದ ಬೆರಳು ನೆತ್ತಿಯವರೆಗೆ ಬಂದು ತಡೆಯಿತು. ಬೋಳು ಚೀಟಿಯನ್ನು ಸೋಕದಂತೆ, ಪಕ್ಕದ ಬರಿಯ ಲೋಹದ ಮೇಲೆ ಆಚಾರ್ಯರು ಒಂದೇ ಒಂದು ಬೊಟ್ಟನ್ನಿಟ್ಟರು.