ಎಣ್ಣಿ ಹೊಡೆದ ಮುಂಜಾನೆ

ನಾಲಿಗೆ ಚಾಚಿಕೊಂಡು ಸತ್ತ ಜೇನುನೊಣವನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ, ಒಂದೆರಡಲ್ಲ, ಆಕಾಶದ ಚುಕ್ಕಿಗಳಿಗೆಲ್ಲ ಒಂದೊಂದು ಹಂಚಿದರೂ ಮಿಕ್ಕುವಷ್ಟು. ಅಕ್ಕನ ಹನ್ನೊಂದು ಜೇನುಪೆಟ್ಟಿಗೆಗಳ ಮುಂದೆ ಅವು ಅಂಗಾತ ಬಿದ್ದಿದ್ದವು. ಕಾಲು ಮಡಚಿತ್ತು, ನೂಲಿನೆಳೆಯಂತಹ ನಾಲಿಗೆ ಹೊರಗಿತ್ತು. ಇನ್ನೂ ಸಾಯದವು ಬುಗುರಿಯ ಹಾಗೆ ನಿಂತಲ್ಲೇ ತಿರುಗುತ್ತ, ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದವು. ಕೊಳೆತ ಬೆಳ್ಳುಳ್ಳಿಯಂತಹ ನಾತ.

ನನ್ನಕ್ಕ ನೀಲವ್ವ ಉಳ್ಳಾಗಡ್ಡಿ ಬೀಜ ಬೆಳೆಯುತ್ತಿದ್ದಳು. ಅವ್ವನಿಂದ ಬಂದ ಕೆಂಪು ತಳಿ ಅದು. ಆ ಗಡ್ಡೆಯನ್ನು ಹೆಚ್ಚಿದರೆ ಏಳು ಊರಾಚೆಯ ಬೀಗರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ಗಡ್ಡೆಯನ್ನು ಮತ್ತೆ ನೆಟ್ಟರೆ ಉದ್ದನೆಯ ದಂಟು ಬಂದು, ತುದಿಯಲ್ಲಿ ಮುಷ್ಟಿಯಷ್ಟು ಬಿಳಿ ಹೂವು ಬಿಡುತ್ತದೆ. ಅದರ ಮೇಲೆ ಜೇನು ಕೂರದಿದ್ದರೆ ಕಾಳು ಕಟ್ಟುವುದಿಲ್ಲ. ಬೀಜವನ್ನು ಬಹುಕಾಲ ಇಟ್ಟರೆ ಮೊಳೆಯುವುದೂ ಇಲ್ಲ. ಆ ವರ್ಷ ಅಕ್ಕ ಮನೆಯಲ್ಲಿದ್ದ ಗಡ್ಡೆಯನ್ನೆಲ್ಲ ನೆಟ್ಟುಬಿಟ್ಟಿದ್ದಳು. ಕಾಳು ಕಟ್ಟದಿದ್ದರೆ ಅವ್ವನ ತಳಿ ಅಲ್ಲಿಗೇ ಮುಗಿಯಿತು.

ಬದುವಿನಾಚೆ ಯಮನೂರಪ್ಪನ ಮೆಣಸಿನ ತೋಟ. ಗಿಡಕ್ಕೆ ಕೀಟದ ವಿಷ ಸಿಂಪಡಿಸುವುದಕ್ಕೆ ನಮ್ಮ ಕಡೆ 'ಎಣ್ಣಿ ಹೊಡೆಯುವುದು' ಎನ್ನುತ್ತಾರೆ. ಸೆರೆ ಕುಡಿಯುವುದಕ್ಕೂ ಅದೇ ಮಾತು. ಎಂಟು ವರ್ಷಗಳಿಂದ ಅವನಿಗೂ ಅಕ್ಕನಿಗೂ ಒಂದು ಕಟ್ಟಳೆಯಿತ್ತು. ಎಣ್ಣಿ ಹೊಡೆಯುವ ಹಿಂದಿನ ದಿನ ಅವನು ಹೇಳಿ ಕಳಿಸಬೇಕು. ಅಕ್ಕ ಬೆಳಕು ಹರಿಯುವ ಮೊದಲೇ ಹಸಿ ಗೋಣಿಯಿಂದ ಪೆಟ್ಟಿಗೆಗಳ ಬಾಯಿ ಮುಚ್ಚಬೇಕು. ಒಂದು ಸಲವೂ ತಪ್ಪಿರಲಿಲ್ಲ. ಆ ದಿನ ತಪ್ಪಿತ್ತು. ಮೂಡಗಾಳಿ ಬೇರೆ ಎದ್ದಿತ್ತು. ವಿಷದ ಮಂಜು ಬದು ದಾಟಿ, ಹೂವಿನ ಮೇಲೆ ಕೂತ ಜೇನಿನ ಮೇಲೆಯೇ ಇಳಿದಿತ್ತು.

ಅಕ್ಕ ಕುಕ್ಕರಗಾಲಲ್ಲಿ ಕೂತು ಒಂದು ನೊಣವನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದಳು.

"ಯಮನೂರ ಹೇಳಿ ಕಳಿಸಿರಲಿಲ್ಲೇನೋ?"

"ಎಲ್ಲಿ ಹೇಳ್ಯಾನ ಬೇ! ಹೇಳೂವಂಥ ಮನಿಷ್ಯಾನ ಏನಾಂವ?" ಎಂದೆ.

ಮಾತು ನನ್ನ ಕಸುಬು. ನಾನು ಬಾಯಿ ತೆರೆದರೆ ಮಾಬುಸಾಬನ ಹೋಟೆಲಿನಲ್ಲಿ ಒಲೆ ಹಚ್ಚದೆಯೂ ಹಾಲು ಉಕ್ಕುತ್ತಿತ್ತು. ಅಂದೇ ಕಡ್ಡಿಪೆಟ್ಟಿಗೆಯಲ್ಲಿ ನಾಲ್ಕು ಸತ್ತ ನೊಣ ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಸುರಿದೆ. "ನೋಡ್ರೀ, ನಾಲಿಗಿ ನೋಡ್ರೀ ಇದರದು!" ಮಂದಿ ಚಹಾದ ಲೋಟ ಕೆಳಗಿಟ್ಟು ಥೂ ಎಂದು ಉಗಿದರು. ಮೊದಲ ದಿನದ ನನ್ನ ಕತೆಯಲ್ಲಿ ಯಮನೂರಪ್ಪ ಒಂದು ಡಬ್ಬಿ ಹೊಡೆದಿದ್ದ. ಮೂರನೆಯ ದಿನಕ್ಕೆ ಅದು ಪೀಪಾಯಿಯಾಯಿತು. ಐದನೆಯ ದಿನ ಅವನು ನಕ್ಕೋತ ಹೊಡೆದಿದ್ದ. ಅವನು ಬೀದಿಯಲ್ಲಿ ಬಂದರೆ ಜನ ಮೂಗು ಮುಚ್ಚಿಕೊಂಡು ಸರಿಯುವ ಹಾಗೆ ಮಾಡಿದೆ. ತಾನು ಹೇಳಿದ್ದೆನೆಂದು ಅವನು ಅಂದನಂತೆ. "ಯಾವ ಎಣ್ಣಿ ಏರಿದಾಗ ಹೇಳಿದ್ದನಂತ ಕೇಳ್ರಿ ಅವಗ!" ಎಂದೆ. ಎಲ್ಲರೂ ನಕ್ಕರು. ಅವನು ಹೋಟೆಲಿಗೆ ಬರುವುದನ್ನೇ ಬಿಟ್ಟ.

ಆರನೆಯ ದಿನ ಮಾಬುಸಾಬ ಒಂದು ಪೊಟ್ಟಣ ಸಕ್ಕರೆ ಹಿಡಿದು ಹೊಲಕ್ಕೇ ಬಂದ. ಹನ್ನೊಂದರಲ್ಲಿ ಬದುಕುಳಿದ ಒಂದೇ ಪೆಟ್ಟಿಗೆಯ ಜೇನಿಗೆ ಪಾಕ ಮಾಡಿ ಇಡಲೆಂದು ತಂದಿದ್ದ. ಅಕ್ಕನ ಮುಖ ನೋಡಿ ಪಾಪ ಅವನಿಗೆ ತಡೆಯಲಿಲ್ಲ. ನಗಿಸೋಣವೆಂದುಕೊಂಡ.

"ಏನ ಆಗಲಿ ನೀಲವ್ವ, ನಿನ್ನ ತಮ್ಮನಂಥಾ ಮಾತುಗಾರ ಸಿಗೂದಿಲ್ಲ ಬಿಡವಾ. ಅವತ್ತ ಯಮನೂರಪ್ಪ ಹೋಟೆಲಿಗೆ ಬಂದು, 'ನಾಳಿ ಎಣ್ಣಿ ಹೊಡೀತೀನಿ, ಅಕ್ಕಗ ಬಾಯಿ ಮುಚ್ಚಾಕ ಹೇಳು' ಅಂದ. ಇವ ಏನಂದ ಗೊತ್ತೇನು? 'ಎಣ್ಣಿ ಹೊಡಿಯಾಂವ ನೀನು, ಬಾಯಿ ಮುಚ್ಚಬೇಕಾದಾಕಿ ನಮ್ಮಕ್ಕಾ? ಇದ್ಯಾವ ಊರ ನ್ಯಾಯಪಾ?' ಅಂದ! ನಕ್ಕೂ ನಕ್ಕೂ ನನ್ನ ಕೈಯಾಗಿನ ಚಹಾದ ಬಸಿನ..."

ಹೇಳುತ್ತ ಹೇಳುತ್ತ ಅವನ ನಗು ನಿಂತಿತು. ಸಕ್ಕರೆ ಪೊಟ್ಟಣವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಹೌದು. ಅವನು ಹೇಳಿದ್ದ. ನನಗೇ ಹೇಳಿದ್ದ. ಆ ಮಾತಿಗೆ ಬೆಂಚು ಮುರಿಯುವಂತೆ ನಗು ಎದ್ದಿತ್ತು. ಅದನ್ನೇ ಇನ್ನೂ ನಾಲ್ಕು ಮಂದಿಗೆ ಹೇಳಿ ನಗಿಸುತ್ತ ಮನೆ ಸೇರುವಷ್ಟರಲ್ಲಿ, ನಗೆಯೊಳಗಿದ್ದ ಸುದ್ದಿ ಎಲ್ಲೋ ಜಾರಿಹೋಗಿತ್ತು. ನಕ್ಕ ಮಂದಿಗೂ ನಗೆಯಷ್ಟೇ ನೆನಪುಳಿದಿತ್ತು, ಸುದ್ದಿಯಲ್ಲ. ಮರೆತದ್ದು ಅಷ್ಟು ಹೇಸಿಗೆಯಲ್ಲ. ಪೆಟ್ಟಿಗೆಯ ಮುಂದೆ ನಿಂತಾಗ ನೆನಪಾಗಿತ್ತಲ್ಲ, ಅದು ಹೇಸಿಗೆ.

"ಎಷ್ಟ ಮಂದಿ ನಕ್ಕ್ರಿ, ಮಾಬಣ್ಣ?" ಅಕ್ಕ ಕೇಳಿದಳು.

"ಎಲ್ಲಾರೂ, ತಾಯಿ."

"ಛಲೋ ಐತಿ ಮಾತು," ಎಂದಳು ಅಕ್ಕ. ಅವಳು ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಹತ್ತು ಉತ್ತರಗಳು ತಯಾರಿದ್ದವು. "ಅವನ ಮನಿಗೆ ಹೋಗಿ ಬಾ. ಆಮ್ಯಾಲ ಹೊಲಕ್ಕ ಇಳಿ. ಹೂವು ಇನ್ನ ನಾಕ ದಿನ ಇರತಾವ."

ಯಮನೂರಪ್ಪ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದ. ನಾನು ಹೇಳಿದೆ. ಜೀವಮಾನದಲ್ಲಿ ಅಷ್ಟು ಸಣ್ಣ ಕತೆಯನ್ನು ಹೇಳಿದವನಲ್ಲ. ಅವನು ಕಲ್ಲಿನ ಮೇಲೆ ಕೈ ಆಡಿಸುತ್ತಲೇ ಇದ್ದ.

"ನಾ ಹೇಳಿದ್ದು ನನಗ ಗೊತ್ತಿತ್ತು," ಎಂದ. "ಆದ್ರ ಮೊನ್ನೆ ನನ್ನ ಹೇಣ್ತಿ ಕೇಳಿದ್ಳು ನೋಡು, 'ಖರೇನ ಹೇಳಿದ್ರ್ಯಾ? ಅವತ್ತ ಕುಡದಿರಲಿಲ್ಲಲ್ಲಾ?' ಅಂತ."

ಊರಿನ ಮಂದಿಗೆಲ್ಲ ನಾನೇ ಹೋಗಿ ಹೇಳುತ್ತೇನೆಂದೆ. "ಬ್ಯಾಡ," ಎಂದ. "ನೀ ಹೇಳಿದ್ರ ಅದೂ ಒಂದ ಕತಿ ಆಗತೈತಿ. ಮಾಬುಸಾಬ ಹೇಳಲಿ."

ಅಕ್ಕ ತೋರಿಸಿಕೊಟ್ಟಳು: ಒಂದು ಹೂವಿನ ಮೇಲೆ ಅಂಗೈ ಮೆಲ್ಲಗೆ ಆಡಿಸಬೇಕು, ಪರಾಗ ಹತ್ತಿದ ಅದೇ ಅಂಗೈಯನ್ನು ಮುಂದಿನ ಹೂವಿನ ಮೇಲೆ. ಒಂದು ಜೇನು ಎಗರಿ ಮುಗಿಸುವ ಕೆಲಸಕ್ಕೆ ನಾನು ಇಡೀ ಸಾಲು ಬಗ್ಗಬೇಕಾಯಿತು. ಉಳ್ಳಾಗಡ್ಡಿಯ ಘಾಟು ಉಗುರಿನೊಳಗೆ ಇಳಿಯಿತು. ಎರಡನೆಯ ದಿನ ಮುಂಜಾನೆ ತಲೆಯೆತ್ತಿದರೆ, ಅದೇ ಸಾಲಿನ ಆ ತುದಿಯಿಂದ ಯಮನೂರಪ್ಪನೂ ಅವನ ಹೆಂಡತಿಯೂ ಬಗ್ಗಿಕೊಂಡು ಬರುತ್ತಿದ್ದರು. ಯಾರೂ ಕರೆದಿರಲಿಲ್ಲ. ನಡುವೆ ಎದುರಾದಾಗ ಅವನು ಉಳಿದ ಒಂದು ಹೂವನ್ನು ನನಗೆ ಬಿಟ್ಟು, ಮುಂದಿನ ಸಾಲಿಗೆ ಹೊರಳಿದ.

ಆ ವರ್ಷ ಎಷ್ಟು ಬೀಜವಾಯಿತೆಂದು ಕೇಳುತ್ತೀರಿ. ಚೀಲಗಟ್ಟಲೆ ಎಂದರೆ ನೀವು ನಂಬಿಯೇ ಬಿಡುತ್ತೀರಿ, ಅಷ್ಟು ಚೆನ್ನಾಗಿ ಹೇಳಬಲ್ಲೆ. ಒಂದು ಬೊಗಸೆಯಾಯಿತು. ಅಕ್ಕ ಬಿಸಿಲಿನಲ್ಲಿ ಕೂತು ಮೊರ ಎತ್ತಿ ಮೆಲ್ಲಗೆ ಊದಿದಳು. ಹೊಟ್ಟು ಬದುವಿನ ಕಡೆಗೆ ಹಾರಿಹೋಯಿತು. ಮೊರದ ಮೂಲೆಯಲ್ಲಿ ಕರಿ ಕಾಳುಗಳು ಒತ್ತೊತ್ತಾಗಿ ಉಳಿದವು.