ಇಪ್ಪತ್ತು ಲಕ್ಷ ಕಣ್ಣು

ಒಲೆಗೆ ಬಿದ್ದ ಉಪ್ಪು ಚಟಪಟ ಸಿಡಿಯಿತು, ಒಣಮೆಣಸಿನಕಾಯಿ ಸುಟ್ಟು ಕರಿಕಾಯಿತು, ಘಾಟು ಮಾತ್ರ ಒಂದಿಷ್ಟೂ ಬರಲಿಲ್ಲ. ಶಂಕರಮ್ಮ ಮೂಗನ್ನು ಒಲೆಯ ಹತ್ತಿರಕ್ಕೇ ಒಯ್ದು ಮೂಸಿ ನೋಡಿದರು. ಕೆಮ್ಮಿಲ್ಲ, ಸೀನಿಲ್ಲ.

"ನೋಡಿದ್ರಾ ಮಹಾಂತಮ್ಮ? ಒಂದು ಹಿಡಿ ಮೆಣಸಿನಕಾಯಿ! ಒಲೆ ಪಕ್ಕ ಮಲಗಿರೋ ಬೆಕ್ಕು ಕೂಡ ಸೀನಲಿಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಮಹಾಂತಮ್ಮ ತಲೆದೂಗಿದರು. "ಗಟ್ಟಿ ದೃಷ್ಟಿನೇ ಬಿದ್ದಿದೆ ಬಿಡಿ. ಕಲ್ಲೇಟು ಬಿದ್ರೂ ಕಣ್ಣೇಟು ಬೀಳಬಾರದು ಅಂತ ಸುಮ್ನೆ ಹೇಳ್ತಾರಾ?"

ದೃಷ್ಟಿ ತೆಗೆಸಿಕೊಂಡವಳೇನು ಹಾಲು ಕುಡಿಯುವ ಮಗುವಲ್ಲ. ಶಂಕರಮ್ಮನವರ ಒಬ್ಬಳೇ ಮಗಳು ದಾಕ್ಷಾಯಣಿ, ಮೂವತ್ತು ದಾಟಿದವಳು, ಹತ್ತು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದವಳು. ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ, ಎಡಗೆನ್ನೆ ಮುಚ್ಚುವಂತೆ ಸೆರಗೆಳೆದುಕೊಂಡು ಕೂತಿದ್ದಳು. "ಮುಗೀತಾ ಅವ್ವ? ಏಳಲಾ?" ಎಂದಳು. ಅವಳ ಅಪ್ಪ ಷಣ್ಮುಖಪ್ಪನವರು ಪಡಸಾಲೆಯಲ್ಲಿ ಪೇಪರಿನ ಹಿಂದೆ ಅಡಗಿದ್ದರು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ದಣಿಯುವ ಆ ಮನುಷ್ಯನಿಗೆ ಮನೆಯಲ್ಲಿ ಇಂಥ ವಿಷಯಕ್ಕೆ ಬಾಯಿ ಹಾಕುವ ಅಭ್ಯಾಸವಿರಲಿಲ್ಲ.

ದಾಕ್ಷಾಯಣಿ ಹೋದದ್ದು ಮೇಷ್ಟರ ಕೆಲಸದ ತರಬೇತಿಗೆ. ಕಲಿತ ಮೇಲೆ ಅಲ್ಲೇ, ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಗಳಿದ್ದ ಒಂದು ಊರಿನ ಶಾಲೆಯಲ್ಲಿ ಕೆಲಸಕ್ಕೆ ನಿಂತಳು. ನಮ್ಮ ದೇಶದಿಂದ ಹೋದ ಕೂಲಿಗಳ ಮಕ್ಕಳು ಹೇಗೆ ಓದುತ್ತಿದ್ದಾರೆ ಎಂದು ಕೇಳಲು ಟೆಲಿವಿಷನ್ನಿನವರು ಒಂದು ದಿನ ಆ ಶಾಲೆಗೆ ಬಂದರಂತೆ. ಪ್ರಶ್ನೆ ಕೇಳಲು ಬಂದವರಿಗೇ ಇವಳು ಪ್ರಶ್ನೆ ಹಾಕತೊಡಗಿದಳಂತೆ. ಅವರಿಗೆ ಅದು ಹಿಡಿಸಿತು. ಮೊದಲು ಭಾನುವಾರಕ್ಕೊಮ್ಮೆ ಕರೆದರು, ಆಮೇಲೆ ಕ್ಯಾಮೆರಾದವನನ್ನು ಜೊತೆಗೆ ಕೊಟ್ಟು ಸುದ್ದಿ ತರಲು ಕಳಿಸಿದರು, ಕಡೆಗೆ ಸಂಜೆಯ ಸುದ್ದಿ ಹೇಳಲು ಕುರ್ಚಿಯಲ್ಲೇ ಕೂರಿಸಿದರು. ಶಿವಮೊಗ್ಗದ ಹೊಸಮನೆಯಲ್ಲಿ ಹುಟ್ಟಿದ ಹುಡುಗಿ, ಹಣೆಯ ಮೇಲೆ ವಿಭೂತಿ, ಮೈಮೇಲೆ ಸೀರೆ, ಬಿಳಿಯರ ಮನೆಮನೆಯ ನಡುಮನೆಯಲ್ಲಿ ಕೂತು ಅವರ ದೇಶದ ಸಮಾಚಾರ ಅವರಿಗೇ ಹೇಳುವುದೆಂದರೆ! ಟೆಲಿವಿಷನ್ ಹೇಗಿರುತ್ತದೆಂದು ಕಂಡವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಆದರೂ ಇಡೀ ಬೀದಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು.

ಹಿಂದಿನ ಸಲ ರಜಕ್ಕೆ ಬಂದಾಗಲೇ ಶಂಕರಮ್ಮ ಕೇಳಿದ್ದರು: "ಒಂದು ಸಲಕ್ಕೆ ನಿನ್ನ ಎಷ್ಟು ಜನ ನೋಡ್ತಾರೆ?"

"ಸರಿಯಾಗಿ ಗೊತ್ತಿಲ್ಲ. ಒಂದು ಹತ್ತು ಲಕ್ಷ ಇರಬಹುದು."

"ಅಂದ್ರೆ ಇಪ್ಪತ್ತು ಲಕ್ಷ ಕಣ್ಣು! ಶಿವಶಿವಾ!" ಶಂಕರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಿದ್ದರು. ಇದೇ ಹುಡುಗಿ ಮಗುವಾಗಿದ್ದಾಗ ಹಾಲು ಕುಡಿಯುವುದನ್ನು ಬಳೆಗಾರ್ತಿಯೊಬ್ಬಳು ಬರೀ ಒಂದು ಗಳಿಗೆ ನೋಡಿದ್ದಕ್ಕೆ ವಾರಗಟ್ಟಲೆ ಹಾಲು ಮುಟ್ಟಿರಲಿಲ್ಲ. ಅದು ಎರಡೇ ಕಣ್ಣು. ಇಪ್ಪತ್ತು ಲಕ್ಷ ಎಂದರೆ ಶಿವಮೊಗ್ಗ ಸೀಮೆಯನ್ನೆಲ್ಲ ಒಂದು ಕಡೆ ಸೇರಿಸಿದ ಹಾಗೆ.

ಕಡೆಗೆ ಅವರು ಹೆದರಿದ ಹಾಗೇ ಆಯಿತು. ಹೋದ ಚಳಿಗಾಲದಲ್ಲಿ ಒಂದು ಸಂಜೆ ಸುದ್ದಿ ಓದುತ್ತಿದ್ದ ಹಾಗೇ ದಾಕ್ಷಾಯಣಿಯ ತುಟಿಗಳು ಕೂಡಲಿಲ್ಲ. ಎಡಗಡೆ ಮುಖ ಜೋತುಬಿತ್ತು, ಎಡಗಣ್ಣು ಮುಚ್ಚದಾಯಿತು. ಮುಖಕ್ಕೆ ಲಕ್ವ ಹೊಡೆದಿದೆ, ನರಕ್ಕೆ ಚಳಿ ತಾಕಿದೆ, ತಾನಾಗಿ ಸರಿಹೋಗುತ್ತದೆ ಎಂದರು ಅಲ್ಲಿಯ ಡಾಕ್ಟರು. ಅವಳು ಊರಿಗೆ ಬಂದಳು. ಈಗ ಮುಕ್ಕಾಲು ಪಾಲು ಸರಿಯೂ ಹೋಗಿತ್ತು. ನಕ್ಕಾಗ ಮಾತ್ರ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. ಹಾಗಾಗಿ ಅವಳು ನಗುವುದನ್ನೇ ಬಿಟ್ಟಿದ್ದಳು.

ಈಗ ಅಲ್ಲಿಂದ ತಂತಿ ಬಂದಿತ್ತು. ನಿನ್ನ ಕುರ್ಚಿ ಖಾಲಿ ಇಟ್ಟಿದ್ದೇವೆ, ಬರುವುದಾದರೆ ಒಂದು ವಾರದೊಳಗೆ ತಿಳಿಸು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ, ಅಂತ.

"ನೀನೇ ಹೇಳು ಅವ್ವ," ಎಂದಳು ದಾಕ್ಷಾಯಣಿ ಮಣೆಯಿಂದ ಏಳುತ್ತ. "ನನಗೆ ಧೈರ್ಯ ಸಾಲ್ತಿಲ್ಲ. ಈ ಮುಖ ಇಟ್ಕೊಂಡು ಮತ್ತೆ ಅಲ್ಲಿ ಕೂತ್ಕೋಬೇಕು ಅಂದ್ರೆ ಕೈಕಾಲು ತಣ್ಣಗಾಗ್ತವೆ. ಹೋಗು ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ಇಲ್ಲೇ ಇರ್ತೀನಿ."

"ಹೋಗು ಅಂತ ಯಾವ ಬಾಯಲ್ಲಿ ಹೇಳ್ಲಿ ಮಾರಾಯ್ತಿ? ಮತ್ತೆ ಅಷ್ಟೂ ಕಣ್ಣಿನ ಮುಂದೆ ಕೂರಿಸೋಕಾ? ನಿಮ್ಮ ಮಾವ ಹೇಳಿಲ್ವಾ, ಭದ್ರಾವತೀಲಿ ರೇಡಿಯೋ ಸ್ಟೇಷನ್ ಆಗಿದೆ ಅಂತ. ಅಲ್ಲಿ ಮಾತಾಡೋದು ಎಲ್ರಿಗೂ ಕೇಳುತ್ತೆ, ಮುಖ ಒಬ್ರಿಗೂ ಕಾಣಲ್ಲ. ಶಿವ ನಿನಗಂತಲೇ ಮಾಡಿಸಿದ ಹಾಗಿದೆ."

ಪಡಸಾಲೆಯಲ್ಲಿ ಪೇಪರಿನ ಹಾಳೆ ಮಗುಚಿತು.

ಶಂಕರಮ್ಮನವರ ತಮ್ಮ ಉಜ್ಜನಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ಸೋಮವಾರ ಬೆಳಗ್ಗೆ ರೇಡಿಯೋದ ಅಧಿಕಾರಿಯೊಬ್ಬರನ್ನು ಕಾಣಿಸುವುದಾಗಿ ಹೇಳಿ ಕಳಿಸಿದ್ದ. ಹಾಗಾಗಿ ತಾಯಿ ಮಗಳು ಭಾನುವಾರವೇ ರೈಲು ಹತ್ತಿದರು. ದಾರಿಯುದ್ದಕ್ಕೂ ದಾಕ್ಷಾಯಣಿ ಕಿಟಕಿಯ ಕಡೆ ಎಡಗೆನ್ನೆ ತಿರುಗಿಸಿಕೊಂಡು ಕೂತಿದ್ದಳು. ಎದುರಿಗಿದ್ದ ಹೆಂಗಸು ಮಾತಿಗೆಳೆದರೂ ಹೂಂ ಉಹೂಂ ಅಷ್ಟೇ. ಮೂರು ಮನೆಗೆ ಕೇಳುವಂತೆ ಮಾತಾಡುತ್ತಿದ್ದ ಹುಡುಗಿ!

ಉಜ್ಜನಪ್ಪನದು ಸುಮ್ಮನೆ ಕೂರುವ ಜಾಯಮಾನವೇ ಅಲ್ಲ. ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದ: "ದಾಕ್ಷಿ, ಬರುವಾಗ ಆಫೀಸ್ನೋರು ನಿನ್ನ ಫಿಲಮ್ಮಿನ ಸುರುಳಿ ಕೊಟ್ಟಿದ್ರಂತಲ್ಲ, ತಂದಿದೀಯ?"

"ಪೆಟ್ಟಿಗೆ ತಳದಲ್ಲಿದೆ. ಯಾಕೆ ಮಾವ?"

"ಯಾಕೆ ಅಂದ್ರೆ! ನಮ್ಮ ಕಾರ್ಖಾನೆ ಕ್ಲಬ್ಬಲ್ಲಿ ಪ್ರೊಜೆಕ್ಟರ್ ಇದೆ, ಅದನ್ನ ಓಡಿಸೋ ಜಂಬಣ್ಣ ಇದಾನೆ, ಇವತ್ತು ರಜ. ಹತ್ತು ವರ್ಷದಿಂದ ನೀನು ಏನು ಕೆಲಸ ಮಾಡ್ತೀಯ ಅಂತ ಹೆತ್ತವ್ವನೇ ನೋಡಿಲ್ಲ. ಏನಕ್ಕ, ನೋಡ್ಬೇಕಾ ಬೇಡ್ವಾ?"

"ಬೇಡ ಮಾವ, ಜನ ಸೇರ್ತಾರೆ," ಎಂದು ದಾಕ್ಷಾಯಣಿ ಅಂಗಲಾಚಿದಳು. ಉಜ್ಜನಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ.

ಜನ ಸೇರಿಯೇ ಸೇರಿದರು. ಕ್ಲಬ್ಬಿನ ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದ್ದರು. ಕುರ್ಚಿ ಸಾಲದೆ ಕೆಲಸಗಾರರು ನೆಲದ ಮೇಲೆ ಕೂತರು. ಹಿಂದಿನ ಸಾಲಿನ ಮೂಲೆಯಲ್ಲಿ ಶಂಕರಮ್ಮ ಮಗಳ ಕೈ ಹಿಡಿದುಕೊಂಡು ಕೂತಿದ್ದರು. ಜಂಬಣ್ಣ ಗುಂಡಿ ಒತ್ತಿದ. ಯಂತ್ರ ಗರಗರ ಸದ್ದು ಮಾಡಿತು.

ಗೋಡೆಯ ಮೇಲೆ ಬೆಂಕಿ ಹರಿಯಿತು. ಕಪ್ಪುಬಿಳಿ ಚಿತ್ರವಾದರೂ ಬೆಂಕಿಯೆಂದು ಹೇಳಿಕೊಡಬೇಕಾದ ಜನ ಅಲ್ಲಿರಲಿಲ್ಲ. "ಅಯ್ಯೋ, ಎರಕ ಹೊಯ್ತಾ ಇದಾರೆ ಕಣ್ರೋ!" "ನಮ್ಮ ಕ್ರೇನು ಇದ್ದ ಹಾಗೇ ಇದೆ!" ಆ ಬೆಂಕಿಯ ಪಕ್ಕದಿಂದ, ಸೀರೆಯ ಮೇಲೆ ಉದ್ದನೆಯ ಕೋಟು, ತಲೆಗೆ ಕಾರ್ಖಾನೆಯ ಗಟ್ಟಿ ಟೋಪಿ ತೊಟ್ಟ ದಾಕ್ಷಾಯಣಿ ನಡೆದುಬಂದಳು. ಆಳೆತ್ತರಕ್ಕೆ ಎರಡು ಪಾಲು ಎತ್ತರವಾಗಿ. ಬಂದು ನಿಂತು, ನೇರ ಇವರನ್ನೇ ನೋಡಿ ಮಾತಾಡತೊಡಗಿದಳು.

"ಅಡೇಯಪ್ಪಾ!" ಎಂದ ನೆಲದ ಮೇಲಿದ್ದ ತಮಿಳಿನವನೊಬ್ಬ.

ಶಂಕರಮ್ಮ ಕನ್ನಡಕ ಸರಿಮಾಡಿಕೊಂಡರು. ಅದು ತಮ್ಮ ಮಗಳೇ ಹೌದು. ಆದರೆ ಆ ನಿಲುವು, ಆ ಗತ್ತು! ಇದು ಯಾವಾಗ ಬಂತು ಇವಳಿಗೆ?

"ಇಂಗ್ಲಿಷು ತಿಳಿಯಲ್ಲ ಕಣಮ್ಮ, ಏನಂತ ಹೇಳಿ!" ಎಂದು ಮುಂದಿನಿಂದ ಯಾರೋ ಕೂಗಿದರು. ಇನ್ನಿಬ್ಬರು ದನಿಗೂಡಿಸಿದರು. ದಾಕ್ಷಾಯಣಿ ಮೊದಲು ಕೂತಲ್ಲಿಂದಲೇ ಸಣ್ಣಗೆ ಹೇಳಿದಳು. "ಕೇಳಿಸ್ತಿಲ್ಲ, ಮುಂದೆ ಬನ್ನಿ!" ಅವಳು ತಾಯಿಯ ಕಡೆ ನೋಡಿದಳು. ತಾಯಿಗೆ ಗೋಡೆಯ ಮೇಲಿನ ಚಿತ್ರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ದಾಕ್ಷಾಯಣಿ ಕೈ ಬಿಡಿಸಿಕೊಂಡು, ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದು, ಗೋಡೆಯ ಅಂಚಿಗೇ ಹೋಗಿ ನಿಂತಳು.

"ಇಲ್ಲಿ ಕೆಲಸ ಮಾಡೋರು ಪಂಜಾಬಿಂದ ಬಂದೋರು. ಎರಕದ ಧೂಳು ಎದೆಗೆ ಹೋಗಿ ತುಂಬಾ ಜನ ಕೆಮ್ತಿದಾರೆ. ಈಗ ಬರ್ತಾನಲ್ಲ, ಇವನು ಈ ಕಾರ್ಖಾನೆ ಯಜಮಾನ. ಧೂಳು ತಡಿಯೋ ಮುಖವಾಡ ಕೊಟ್ಟಿದೀರಾ ಅಂತ ನಾನು ಕೇಳ್ತೀನಿ. ಎಲ್ರಿಗೂ ಕೊಟ್ಟಿದೀವಿ ಅಂತಾನೆ."

"ಸುಳ್ಳು!" ಎಂದಿತು ಇಡೀ ಕ್ಲಬ್ಬು.

"ತಡೀರಿ, ಕೇಳಿ! ಕೊಟ್ಟಿದ್ರೆ ಎಲ್ಲಿದೆ, ತೋರಿಸಿ, ಅಂತೀನಿ."

ಗೋಡೆಯ ಮೇಲೆ ಆ ಬಿಳಿಯ ಸಾಹೇಬ ಹಿಂದೆ ತಿರುಗಿ ನೋಡಿದ. ಹಿಂದೆ ಕೆಲಸಗಾರರು ಬರಿಮುಖದಲ್ಲಿ ನಿಂತಿದ್ದರು. ಅವನು ಮತ್ತೆ ಈ ಕಡೆ ತಿರುಗಿದ. ಚಿತ್ರದೊಳಗಿನ ದಾಕ್ಷಾಯಣಿ ಮತ್ತೇನೂ ಕೇಳಲಿಲ್ಲ. ಬೈಯಲಿಲ್ಲ, ನಗಲಿಲ್ಲ. ಸುಮ್ಮನೆ ನೋಡುತ್ತ ನಿಂತಳು. ಸಾಹೇಬ ಟೈ ಮುಟ್ಟಿಕೊಂಡ. ಗಂಟಲು ಸರಿಮಾಡಿಕೊಂಡ. ಹಣೆಯಲ್ಲಿ ಬೆವರು ಮೂಡಿತು. ಅವಳು ನೋಡುತ್ತಲೇ ಇದ್ದಳು. ಆರಡಿ ಆಳು ಎಲ್ಲರ ಕಣ್ಣೆದುರಿಗೆ ಬಿಸಿಲಿಗಿಟ್ಟ ಸೊಪ್ಪಿನಂತೆ ಬಾಡುತ್ತ ಬಂದ.

ಶಂಕರಮ್ಮ ತಮಗರಿವಿಲ್ಲದೆ ಎದ್ದು ನಿಂತಿದ್ದರು. ಎಂಥ ಹುಡುಗಿಯನ್ನು ಹೆತ್ತೆನಪ್ಪಾ ಎಂದುಕೊಂಡರು. ಇಷ್ಟು ವರ್ಷ ತಾವು ಲೆಕ್ಕ ಹಾಕಿದ್ದೆಲ್ಲ ಇವಳ ಮೇಲೆ ಬೀಳುವ ಕಣ್ಣುಗಳನ್ನು. ಇವಳಿಗೂ ಎರಡು ಕಣ್ಣಿವೆ ಎನ್ನುವುದು ಹೊಳೆದೇ ಇರಲಿಲ್ಲ.

"ಆಮೇಲೆ ಕೊಟ್ನಾ?" ಎಂದು ತಮಿಳಿನವನು ತಡೆಯಲಾರದೆ ಕೇಳಿದ.

"ಕೊಡದೆ ಏನ್ಮಾಡ್ತಾನೆ?" ಎಂದಳು ದಾಕ್ಷಾಯಣಿ. "ಊರಿಗೆ ಊರೇ ನೋಡ್ತಲ್ಲ. ಮುಂದಿನ ವಾರನೇ ಕೊಟ್ಟ." ಹೇಳುತ್ತ ಎರಡೂ ಕೈ ಬೀಸಿದಳು. ಸೆರಗು ಯಾವಾಗಲೋ ಹೆಗಲಿಗೆ ಬಿದ್ದಿತ್ತು. ಯಂತ್ರದ ಬೆಳಕು ಅವಳ ಮುಖದ ಮೇಲೆ ಪೂರ್ತಿ ಬೀಳುತ್ತಿತ್ತು.

ಸುರುಳಿ ಮುಗಿದು ಗೋಡೆ ಬರೀ ಬಿಳಿಯಾಯಿತು. ಚಪ್ಪಾಳೆ ಬೀಳುವ ಮುಂಚೆ, ಹಿಂದಿನ ಸಾಲಿನಿಂದ ಶಂಕರಮ್ಮನವರ ದನಿ ಕೇಳಿತು.

"ಏ ದಾಕ್ಷಿ, ಆ ಮನುಷ್ಯಂಗೆ ಹೆಂಡ್ತಿ ಮಕ್ಕಳು ಇದಾರೇನೆ?"

"ಯಾರಿಗವ್ವ?"

"ಆ ಯಜಮಾನಂಗೆ. ಪಾಪ, ಅವತ್ತು ಮನೆಗೆ ಹೋದ್ಮೇಲೆ ಯಾರಾದ್ರೂ ದೃಷ್ಟಿ ತೆಗೆದ್ರೋ ಇಲ್ವೋ. ಎಂಥ ಕಣ್ಣು ಬಿಟ್ಟೆ ಮಾರಾಯ್ತಿ ಅವನ ಮೇಲೆ!"

ಕ್ಲಬ್ಬು ಗೊಳ್ಳೆಂದಿತು. ದಾಕ್ಷಾಯಣಿಯೂ ನಕ್ಕಳು. ಬಾಯಿ ಒಂದು ಕಡೆಗೆ ಎಳೆಯಿತು, ಎಡಗಣ್ಣು ಅರ್ಧ ತೆರೆದೇ ಉಳಿಯಿತು. ಅವಳು ಮುಚ್ಚಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಎದುರಿಗಿದ್ದವರು ಅವಳ ಜೊತೆ ನಗುತ್ತಿದ್ದರು, ಅಷ್ಟೇ.

ಉಜ್ಜನಪ್ಪ ಅಕ್ಕನ ಹತ್ತಿರ ಬಂದು ಬಗ್ಗಿದ. "ನಾಳೆ ಹತ್ತು ಗಂಟೆಗೆ ರೇಡಿಯೋ ಸ್ಟೇಷನ್ನಿಗೆ ಹೋಗಬೇಕು ಅಕ್ಕ, ಮರೀಬೇಡ."

"ಆ ಅಧಿಕಾರಿಗೆ ಬರಲ್ಲ ಅಂತ ಹೇಳ್ಬಿಡಪ್ಪ," ಎಂದರು ಶಂಕರಮ್ಮ. "ನಾಳೆ ಪೋಸ್ಟಾಫೀಸು ತೆಗೆದ ಕೂಡ್ಲೆ ಇವಳನ್ನ ಕರ್ಕೊಂಡು ಹೋಗು. ಬರ್ತೀನಿ ಅಂತ ತಂತಿ ಕೊಡ್ಲಿ."

ಗೋಡೆಯ ಹತ್ತಿರ ನಿಂತಿದ್ದ ದಾಕ್ಷಾಯಣಿಗೂ ಅದು ಕೇಳಿಸಿತು. ಅವಳು ಒಂದು ಹೆಜ್ಜೆ ಮುಂದಿಟ್ಟು, ಅಲ್ಲೇ ನಿಂತು, ತಾಯಿಯನ್ನು ನೋಡಿದಳು.

"ಇನ್ನೊಂದ್ಸಲ ಹಾಕು ಜಂಬಣ್ಣ!" ಎಂದು ನೆಲದ ಮೇಲಿದ್ದವರು ಗಲಾಟೆ ಎಬ್ಬಿಸಿದರು. ಜಂಬಣ್ಣ ಸುರುಳಿಯನ್ನು ಹಿಂದಕ್ಕೆ ಸುತ್ತತೊಡಗಿದ. ಅಷ್ಟರಲ್ಲಿ ಶಂಕರಮ್ಮ ಗಂಡಸರ ಸಾಲುಗಳ ನಡುವೆಯೇ ದಾರಿ ಬಿಡಿಸಿಕೊಂಡು ಮುಂದೆ ಬಂದರು. ಎಲ್ಲರಿಗಿಂತ ಮುಂದೆ, ಬಿಳಿ ಗೋಡೆಯ ಎದುರಿಗೆ, ಬರೀ ನೆಲದ ಮೇಲೆ ಕಾಲು ಮಡಿಸಿ ಕೂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು, ಕತ್ತೆತ್ತಿ ಕಾದರು.